ಬ್ರಿಜ್ ಆಟದ ಕೂಗು: ಒಪ್ಪಂದದ ಭಾಷೆ, ಮಾತ್ರೆಯ ಗಣಿತ

ಮುಂಗಾರು ಹಿಡಿಯಿತೆಂದರೆ ನಮ್ಮ ಕಾಫಿ ಸೀಮೆಯಲ್ಲಿ ಸಂಜೆಗಳು ದೀರ್ಘವಾಗುತ್ತವೆ. ಮೂಡಿಗೆರೆಯಿಂದ ಕಳಸದವರೆಗೆ ಬೆಟ್ಟಗಳ ಮೇಲೆ ಎಡೆಬಿಡದೆ ಸುರಿಯುವ ಮಳೆಯಲ್ಲಿ ತೋಟದ ಕೆಲಸ ಬೇಗ ನಿಲ್ಲುತ್ತದೆ. ಮಾಡಲು ಬೇರೇನೂ ಇಲ್ಲದ ಹೊತ್ತಿನಲ್ಲಿ ಇಸ್ಪೀಟೆಲೆಯ ಕಟ್ಟು ಹೊರಬರುತ್ತದೆ. ಚಿಕ್ಕಮಗಳೂರಿನ ಕಡೂರು ಕ್ಲಬ್ಬು, ಸಕಲೇಶಪುರದ ಮಂಜರಾಬಾದ್ ಕ್ಲಬ್ಬು ಮೊದಲಾದವು ಬ್ರಿಟಿಷ್ ಪ್ಲಾಂಟರುಗಳ ಕಾಲದಿಂದ ಉಳಿದುಬಂದಿರುವ ಸಂಸ್ಥೆಗಳು. ಇಂಥ ಕ್ಲಬ್ಬುಗಳ ಮೂಲಕ ಮಲೆನಾಡಿಗೆ ಬಂದ ಆಟಗಳಲ್ಲಿ ಬ್ರಿಜ್ ಒಂದು.

ಕೆಲವು ವರ್ಷಗಳ ಹಿಂದೆ ಇಂಥದೊಂದು ಸಂಜೆ ನಾವೂ ಒಂದು ಮೇಜಿನ ಮುಂದೆ ಕುಳಿತಿದ್ದೆವು. ಎದುರಿಗಿದ್ದ ಜೊತೆಗಾರರು ವಯಸ್ಸಾದ ಪ್ಲಾಂಟರು. ನಮಗೆ ಅವರೊಡನೆ ಅದೇ ಮೊದಲ ಆಟ. ಅವರು "ಒಂದು ನೋಟ್ರಂಪ್" ಎಂದು ಕೂಗಿದರು. ನಾವು "ಎರಡು ಕ್ಲಾವರ್" ಎಂದೆವು. ಪುಸ್ತಕ ಓದಿ ಕಲಿತಿದ್ದ ನಮ್ಮ ಪಾಲಿಗೆ ಅದೊಂದು ಪ್ರಶ್ನೆ. ಅವರ ಪಾಲಿಗೆ ಅದು ಕ್ಲಾವರ್ ಎಲೆಗಳು ನಮ್ಮಲ್ಲಿ ಹೆಚ್ಚಾಗಿವೆ ಎಂಬ ಹೇಳಿಕೆ. ಅವರು "ಪಾಸ್" ಎಂದುಬಿಟ್ಟರು. ನಮ್ಮಿಬ್ಬರ ಕೈಯಲ್ಲೂ ಕೂಡಿ ಇದ್ದ ಕ್ಲಾವರ್ ಐದೇ ಎಲೆ! ಎಂಟು ಟ್ರಿಕ್ ಗೆಲ್ಲುತ್ತೇವೆಂದು ವಚನ ಕೊಟ್ಟು ಆರನ್ನು ಮಾತ್ರ ಗೆದ್ದೆವು. "ನಾನು ಪ್ರಶ್ನೆ ಕೇಳಿದ್ದು, ಸಾರ್" ಎಂದು ನಾವು ಸಂಕೋಚದಿಂದ ಹೇಳಿದಾಗ ಅವರು ನಕ್ಕು, "ಅದು ಪ್ರಶ್ನೆ ಅಂತ ಮೊದಲೇ ಹೇಳಬೇಕಿತ್ತಲ್ಲ, ಮೇಷ್ಟ್ರೇ" ಎಂದರು.

ಅವರ ಆ ಒಂದು ಮಾತಿನಲ್ಲಿ ಈ ಲೇಖನದ ವಿಷಯವೆಲ್ಲ ಅಡಗಿದೆ. ಪದಕ್ಕೆ ತಾನಾಗಿಯೇ ಅರ್ಥವಿಲ್ಲ; ಆಡುವವನೂ ಕೇಳುವವನೂ ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಆಟದ ಸ್ವರೂಪ

ಬ್ರಿಜ್ ನಾಲ್ವರ ಆಟ. ಎದುರುಬದುರಾಗಿ ಕುಳಿತ ಇಬ್ಬರು ಒಂದು ಪಕ್ಷ. 52 ಎಲೆಗಳನ್ನು ತಲಾ 13ರಂತೆ ಹಂಚುತ್ತಾರೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಟ್ರಿಕ್. ಹೀಗೆ ಒಟ್ಟು 13 ಟ್ರಿಕ್‌ಗಳು. ಆದರೆ ಎಲೆ ಇಳಿಸುವ ಮೊದಲು ಒಂದು ಹರಾಜು ನಡೆಯಬೇಕು. ಯಾವ ಜಾತಿಯ ಎಲೆ ತುರುಪಾಗಬೇಕು, ಎಷ್ಟು ಟ್ರಿಕ್ ಗೆಲ್ಲುವ ಹೊಣೆ ಹೊರಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಇಪ್ಪತ್ತೆಂಟರ ಆಟ ಬಲ್ಲವರಿಗೆ ಕೂಗಿ ತುರುಪು ಹಿಡಿಯುವ ಈ ಕ್ರಮ ಹೊಸದೇನಲ್ಲ.

ಬ್ರಿಜ್‌ನ ಕೂಗುಗಳನ್ನು ಒಂದು ಏಣಿಯಂತೆ ಭಾವಿಸಬಹುದು. ಅತಿ ಕೆಳಗಿನ ಮೆಟ್ಟಿಲು "ಒಂದು ಕ್ಲಾವರ್". ಅದರ ಮೇಲೆ ಕ್ರಮವಾಗಿ ಒಂದು ಡೈಮನ್, ಒಂದು ಆಟೀನ್, ಒಂದು ಇಸ್ಪೀಟು, ಒಂದು ನೋಟ್ರಂಪ್. ನೋಟ್ರಂಪ್ ಎಂದರೆ ತುರುಪಿಲ್ಲದ ಆಟ. ಇದಾದ ಮೇಲೆ ಎರಡು ಕ್ಲಾವರ್. ಹೀಗೆಯೇ ಏಳು ನೋಟ್ರಂಪ್‌ವರೆಗೆ. ಐದು ಬಗೆ, ಏಳು ಅಂತಸ್ತು. ಒಟ್ಟು 35 ಮೆಟ್ಟಿಲು. ಕೂಗಿದ ಸಂಖ್ಯೆಗೆ ಆರನ್ನು ಕೂಡಿಸಿದರೆ ಗೆಲ್ಲಬೇಕಾದ ಟ್ರಿಕ್‌ಗಳು ದೊರೆಯುತ್ತವೆ. ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲಿನದಾಗಿರಬೇಕು. ಏಣಿ ಹತ್ತಿದವರು ಇಳಿಯುವಂತಿಲ್ಲ.

ಇಂದು ಆಡುವ ಕಾಂಟ್ರಾಕ್ಟ್ ಬ್ರಿಜ್‌ನ ರೂಪವನ್ನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ, ಪನಾಮ ಕಾಲುವೆಯ ಮೂಲಕ ಸಾಗುತ್ತಿದ್ದ ಹಡಗಿನಲ್ಲಿ ತನ್ನ ಸ್ನೇಹಿತರೊಡನೆ ಆಡಿ ನಿರ್ಧರಿಸಿದನು. ನಮ್ಮ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರದ ಕಾಫಿ ಸಂಶೋಧನ ಕೇಂದ್ರ ಆರಂಭವಾದದ್ದೂ ಅದೇ ವರ್ಷ ಎಂಬುದು ಒಂದು ಸ್ವಾರಸ್ಯದ ಆಕಸ್ಮಿಕ.

ಕಾಫಿ ಬೆಳೆಗಾರರಿಗೆ ಹರಾಜು ಹೊಸದಲ್ಲ. 1990ರ ದಶಕದ ಮಧ್ಯಭಾಗದವರೆಗೆ ಬೆಳೆಯನ್ನು ಕಾಫಿ ಬೋರ್ಡು ಒಟ್ಟುಗೂಡಿಸಿ ಹರಾಜಿನಲ್ಲಿ ಮಾರುತ್ತಿತ್ತು. ಆ ಹರಾಜಿಗೂ ಬ್ರಿಜ್‌ನ ಹರಾಜಿಗೂ ಒಂದು ಮುಖ್ಯ ಭೇದವಿದೆ. ಅಲ್ಲಿ ಕೂಗುವವನು ತನ್ನ ಮನಸ್ಸಿನಲ್ಲಿರುವುದನ್ನು ಆದಷ್ಟು ಬಚ್ಚಿಡುತ್ತಾನೆ. ಇಲ್ಲಿಯಾದರೋ ತನ್ನ ಕೈಯಲ್ಲಿರುವುದನ್ನು ಜೊತೆಗಾರನಿಗೆ ತಿಳಿಸಲೆಂದೇ ಕೂಗುತ್ತಾನೆ. ಬ್ರಿಜ್‌ನ ಕೂಗು ಬೆಲೆಯೂ ಹೌದು, ಸುದ್ದಿಯೂ ಹೌದು.

ಏಣಿ ಸಾಲದು

ಕೈಯಲ್ಲಿರುವ ಹದಿಮೂರು ಎಲೆಗಳನ್ನೂ ಕೂಗಿನ ಮೂಲಕ ತಿಳಿಸಿಬಿಡಲು ಸಾಧ್ಯವೆ? ಲೆಕ್ಕ ಹಾಕಿ ನೋಡೋಣ.

52 ಎಲೆಗಳಿಂದ 13ನ್ನು ಆರಿಸುವ ವಿಧಗಳು 63,501 ಕೋಟಿ 35 ಲಕ್ಷ 59 ಸಾವಿರದ 600. ಒಬ್ಬನ ಕೈಗೆ ಇವುಗಳಲ್ಲಿ ಯಾವುದಾದರೂ ಒಂದು ಬರಬಹುದು. ಇನ್ನು ಕೂಗುಗಳ ಕಡೆ ತಿರುಗೋಣ. ಎದುರಾಳಿಗಳು ಸುಮ್ಮನಿದ್ದಾರೆ, ನಮ್ಮ ಪಕ್ಷದಲ್ಲಿ ಮೊದಲು ಕೂಗುವವನು ಯಾರೆಂಬುದು ಗೊತ್ತಿದೆ ಎಂದು ಇಟ್ಟುಕೊಳ್ಳಿ. 35 ಮೆಟ್ಟಿಲುಗಳಲ್ಲಿ ಪ್ರತಿಯೊಂದನ್ನೂ ತುಳಿಯಬಹುದು ಅಥವಾ ಬಿಡಬಹುದು. ಆದುದರಿಂದ ಒಟ್ಟು ಸಂಭಾಷಣೆಗಳು ಎರಡನ್ನು 35 ಸಲ ಗುಣಿಸಿದಷ್ಟು, ಅಂದರೆ 3,435 ಕೋಟಿ 97 ಲಕ್ಷ 38 ಸಾವಿರದ 368. ಇದು ದೊಡ್ಡ ಸಂಖ್ಯೆಯೇ ಸರಿ. ಆದರೂ ಕೈಗಳ ಸಂಖ್ಯೆ ಇದರ ಸುಮಾರು ಹದಿನೆಂಟೂವರೆಯಷ್ಟಿದೆ.

1948ರಲ್ಲಿ ಕ್ಲಾಡ್ ಶಾನನ್ ಸುದ್ದಿಯನ್ನು ಅಳೆಯುವ ಗಣಿತವನ್ನು ಪ್ರಕಟಿಸಿದನು. ಹೌದು ಅಥವಾ ಅಲ್ಲ ಎಂಬ ಒಂದು ಉತ್ತರದಲ್ಲಿ ಅಡಗುವ ಸುದ್ದಿ ಒಂದು ಬಿಟ್. ಆ ಅಳತೆಯಂತೆ ಬ್ರಿಜ್‌ನ ಒಂದು ಕೈಯನ್ನು ಪೂರ್ತಿಯಾಗಿ ಹೇಳಲು 39 ಬಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಏಣಿಯೆಲ್ಲವನ್ನೂ ಬಳಸಿದರೂ ದೊರೆಯುವುದು 35 ಬಿಟ್. ಇಷ್ಟೂ ಸಾಲದೆಂಬಂತೆ ಏಣಿಯ ತುದಿಗೆ ಹೋದವನು ಹದಿಮೂರೂ ಟ್ರಿಕ್ ಗೆಲ್ಲುವ ಹೊಣೆ ಹೊರಬೇಕು! ಮಾತನಾಡಿದಷ್ಟೂ ಎತ್ತರ ಏರುತ್ತದೆ; ಎತ್ತರ ಏರಿದಷ್ಟೂ ಅಪಾಯ. ಆದುದರಿಂದ ಎಲ್ಲವನ್ನೂ ಹೇಳಲಾಗದು. ಹೇಳಬೇಕಾದದ್ದನ್ನು ಆರಿಸಿ, ಕೆಲವೇ ಕೂಗುಗಳಲ್ಲಿ ಹೇಳಬೇಕು. ಈ ಆಯ್ಕೆಯೇ ಕೂಗಿನ ಒಪ್ಪಂದಗಳಿಗೆ ಮೂಲ.

ಒಪ್ಪಂದದ ಒಂದು ಉದಾಹರಣೆ

ಮೊದಲಿಗೆ ಕೈಯ ಬಲವನ್ನು ಒಂದು ಸಂಖ್ಯೆಗೆ ಇಳಿಸುತ್ತಾರೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಕಟ್ಟಿನಲ್ಲಿ ಒಟ್ಟು 40 ಅಂಕ. ಒಬ್ಬನ ಪಾಲಿನ ಸರಾಸರಿ 10. ಇಬ್ಬರ ಕೈಗಳೂ ಕೂಡಿ ಸುಮಾರು 25 ಅಂಕವಿದ್ದರೆ ಮೂರು ನೋಟ್ರಂಪ್ ಅಥವಾ ನಾಲ್ಕು ಇಸ್ಪೀಟಿನಂಥ ದೊಡ್ಡ ಬಹುಮಾನದ ಆಟಕ್ಕೆ ಕೈಹಾಕಬಹುದೆಂಬುದು ಅನುಭವದಿಂದ ಬಂದ ನಿಯಮ.

"ಒಂದು ನೋಟ್ರಂಪ್" ಎಂಬ ಕೂಗಿಗೆ ಅನೇಕರು ಒಪ್ಪಿರುವ ಅರ್ಥ ಇದು: 15ರಿಂದ 17 ಅಂಕ, ನಾಲ್ಕು ಜಾತಿಗಳೂ ಹೆಚ್ಚುಕಡಿಮೆ ಸಮವಾಗಿ ಹರಡಿದ ಕೈ. ಎರಡೇ ಪದಗಳಲ್ಲಿ ಎಷ್ಟೊಂದು ಸುದ್ದಿ! ಈಗ ಅಂದಿನ ಸಂಜೆ ನಮ್ಮ ಕೈಯಲ್ಲಿದ್ದುದನ್ನು ನೋಡಿ. ಇಸ್ಪೀಟಿನಲ್ಲಿ ರಾಜ, ಗುಲಾಮ, 7, 4. ಆಟೀನಿನಲ್ಲಿ ಎಕ್ಕ, 8. ಡೈಮನ್‌ನಲ್ಲಿ ರಾಣಿ, 9, 6, 3. ಕ್ಲಾವರ್‌ನಲ್ಲಿ 10, 7, 2. ಒಟ್ಟು 10 ಅಂಕ. ಜೊತೆಗಾರರ ಕನಿಷ್ಠ 15 ಸೇರಿದರೆ 25. ಅವರಲ್ಲೂ ನಾಲ್ಕು ಇಸ್ಪೀಟಿದ್ದರೆ ಎಂಟು ತುರುಪುಗಳೊಡನೆ ನಾಲ್ಕು ಇಸ್ಪೀಟು ಆಡುವುದು ಲೇಸು. ಇಲ್ಲವಾದರೆ ಮೂರು ನೋಟ್ರಂಪ್.

ಇದನ್ನು ಕೇಳಿ ತಿಳಿಯುವ ಉಪಾಯವನ್ನು 1945ರಲ್ಲಿ ಸ್ಯಾಮ್ ಸ್ಟೇಮನ್ ಒಂದು ಲೇಖನದಲ್ಲಿ ವಿವರಿಸಿದನು. ಅವನ ಹೆಸರೇ ಅದಕ್ಕೆ ನಿಂತಿತು. ಒಂದು ನೋಟ್ರಂಪ್ ಆದ ಮೇಲೆ "ಎರಡು ಕ್ಲಾವರ್" ಎಂದರೆ ಕ್ಲಾವರ್ ಎಂಬ ಅರ್ಥವಲ್ಲ, "ನಿಮ್ಮಲ್ಲಿ ನಾಲ್ಕು ಆಟೀನ್ ಅಥವಾ ನಾಲ್ಕು ಇಸ್ಪೀಟು ಉಂಟೆ?" ಎಂಬ ಪ್ರಶ್ನೆ. "ಎರಡು ಡೈಮನ್" ಎಂದರೆ ಎರಡೂ ಇಲ್ಲ. "ಎರಡು ಆಟೀನ್" ಅಥವಾ "ಎರಡು ಇಸ್ಪೀಟು" ಎಂದರೆ ಆಯಾ ಜಾತಿ ಇದೆ. ಅಂದು ನಮ್ಮ ಜೊತೆಗಾರರಲ್ಲಿ ನಾಲ್ಕು ಇಸ್ಪೀಟಿದ್ದವು. ಒಪ್ಪಂದವೊಂದಿದ್ದಿದ್ದರೆ ನಾಲ್ಕು ಕೂಗುಗಳಲ್ಲಿ ನಾವು ಸರಿಯಾದ ಆಟವನ್ನು ಮುಟ್ಟುತ್ತಿದ್ದೆವು.

ಲಘು, ಗುರು ಮತ್ತು ಏಣಿ

ಕೆಲವು ಜೋಡಿಗಳು ಇನ್ನೂ ಮುಂದೆ ಹೋಗಿ, ಒಬ್ಬನು ಕೇಳುತ್ತಲೇ ಹೋಗಬೇಕು, ಇನ್ನೊಬ್ಬನು ಹೇಳುತ್ತಲೇ ಹೋಗಬೇಕು ಎಂದು ಒಪ್ಪಿಕೊಳ್ಳುತ್ತಾರೆ. ಕೇಳುವವನು ಯಾವಾಗಲೂ ಮುಂದಿನ ಮೆಟ್ಟಿಲನ್ನಷ್ಟೇ ಕೂಗುತ್ತಾನೆ. ಅದಕ್ಕೆ "ಮುಂದೆ ಹೇಳು" ಎಂಬ ಅರ್ಥವಲ್ಲದೆ ಬೇರೆ ಅರ್ಥವಿಲ್ಲ. ಇದನ್ನು ರಿಲೇ ಪದ್ಧತಿ ಎನ್ನುವರು. ಉಳಿದ ಮೆಟ್ಟಿಲುಗಳು ಇಂತಿಷ್ಟು ಎಂದಿದ್ದರೆ ಹೇಳುವವನು ಎಷ್ಟು ಬಗೆಯ ಕೈಗಳನ್ನು ಬೇರೆಬೇರೆಯಾಗಿ ಸೂಚಿಸಬಲ್ಲ?

ಮೂರು ಮೆಟ್ಟಿಲುಗಳಿವೆ ಎನ್ನಿ. ಅವನು ಮೂರನೆಯದನ್ನೇ ಕೂಗಬಹುದು. ಎರಡನೆಯದನ್ನು ಕೂಗಿದರೆ ಕೇಳುವವನ ಕೂಗಿಗೆ ಮೂರನೆಯದು ಮುಗಿಯುತ್ತದೆ. ಮೊದಲನೆಯದನ್ನು ಕೂಗಿದರೆ ಎರಡನೆಯದು ಕೇಳುವವನಿಗೆ, ಮೂರನೆಯದು ಮತ್ತೆ ಹೇಳುವವನಿಗೆ. ಒಟ್ಟು ಮೂರು ಸುದ್ದಿ. ನಾಲ್ಕು ಮೆಟ್ಟಿಲಿದ್ದರೆ ಐದು, ಐದಿದ್ದರೆ ಎಂಟು.

ಕನ್ನಡ ವ್ಯಾಕರಣದ ಪಾಠದಲ್ಲಿ ಪ್ರಸ್ತಾರ ಹಾಕಿದ ವಿದ್ಯಾರ್ಥಿಗಳಿಗೆ ಈ ಸಂಖ್ಯೆಗಳು ಪರಿಚಿತವಾಗಿರಬೇಕು. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು. ಮೂರು ಮಾತ್ರೆಯ ಗಣ ಮೂರು ವಿಧ, ನಾಲ್ಕು ಮಾತ್ರೆಯದು ಐದು ವಿಧ, ಐದು ಮಾತ್ರೆಯದು ಎಂಟು ವಿಧ! ಇದು ಕಾಕತಾಳೀಯವಲ್ಲ. ಹೇಳುವವನು ಒಂದು ಮೆಟ್ಟಿಲನ್ನು ಬಿಟ್ಟರೆ ಒಂದು ಕಳೆಯುತ್ತದೆ, ಇದು ಲಘು. ಅದನ್ನು ಹಿಡಿದರೆ ತನ್ನದೊಂದು, ಕೇಳುವವನದೊಂದು, ಒಟ್ಟು ಎರಡು ಕಳೆಯುತ್ತವೆ, ಇದು ಗುರು. ಕೇಳುವವನಿಗೆ ಸ್ಥಳವೇ ಉಳಿಯದ ಕಟ್ಟಕಡೆಯ ಮೆಟ್ಟಿಲು ಮಾತ್ರ ಹಿಡಿದರೂ ಲಘುವೇ. ಲೆಕ್ಕ ಎರಡು ಕಡೆಯೂ ಒಂದೇ. ಆದುದರಿಂದ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ: 1, 2, 3, 5, 8, 13, 21, 34, 55, 89, 144. ಯೂರೋಪಿನಲ್ಲಿ ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾದ ಈ ಶ್ರೇಣಿ ಅವನ 1202ರ ಗ್ರಂಥಕ್ಕಿಂತ ಮೊದಲೇ ವಿರಹಾಂಕ, ಹೇಮಚಂದ್ರ ಮೊದಲಾದ ನಮ್ಮ ಛಂದಶ್ಶಾಸ್ತ್ರಜ್ಞರಿಗೆ ತಿಳಿದಿತ್ತು.

ಒಂದು ನೋಟ್ರಂಪ್‌ನಿಂದ ಮೂರು ನೋಟ್ರಂಪ್‌ವರೆಗೆ 11 ಮೆಟ್ಟಿಲುಗಳಿವೆ. ಒಂದೇ ಉತ್ತರದಲ್ಲಿ ಸುಮ್ಮನಾದರೆ 11 ಸುದ್ದಿ. ಸರಿಯಾದ ಒಪ್ಪಂದವಿದ್ದರೆ ಅದೇ ಎತ್ತರದೊಳಗೆ 144 ಸುದ್ದಿ. ಒಪ್ಪಂದದ ಬಲ ಇಷ್ಟು.

ಒಪ್ಪಂದ ಗುಟ್ಟಲ್ಲ

ಹಾಗಾದರೆ ಎದುರಾಳಿಗಳಿಗೆ ತಿಳಿಯದ ಸಂಕೇತಗಳನ್ನು ಮಾಡಿಕೊಂಡರೆ ಇನ್ನೂ ಲಾಭವಲ್ಲವೆ ಎಂದು ಕೆಲವರು ಕೇಳಿಯಾರು. ಬ್ರಿಜ್‌ನ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತವೆ. ಜೋಡಿಯೊಂದು ಎಂಥ ಒಪ್ಪಂದವನ್ನೂ ಗುಟ್ಟಾಗಿಡುವಂತಿಲ್ಲ; ಕೂಗಿನ ಅರ್ಥವನ್ನು ಎದುರಾಳಿ ಕೇಳಿದರೆ ಹೇಳಲೇಬೇಕು. ಎಲೆಗಳು ಗುಟ್ಟು, ಭಾಷೆ ಬಯಲು. ಅಲ್ಲದೆ ಸುದ್ದಿ ಕೂಗಿನಿಂದ ಮತ್ತು ಇಳಿಸಿದ ಎಲೆಯಿಂದ ಮಾತ್ರ ಹೋಗಬೇಕು. ಧ್ವನಿಯ ಏರಿಳಿತ, ಹುಬ್ಬಿನ ಚಲನೆ, ತಡವರಿಕೆಗಳಿಂದ ಹೋಗಬಾರದು. ದೊಡ್ಡ ಪಂದ್ಯಗಳಲ್ಲಿ ಬಾಯಿಂದ ಕೂಗದೆ ಅಚ್ಚಾದ ಚೀಟಿಗಳನ್ನು ಇಡುವುದೂ, ಜೊತೆಗಾರರ ನಡುವೆ ಅಡ್ಡತೆರೆ ನಿಲ್ಲಿಸುವುದೂ ಇದಕ್ಕಾಗಿಯೇ.

ಅಂತರಜಾಲದ ಆಟ ಈ ಸಮಸ್ಯೆಯನ್ನು ಅರ್ಧ ಬಿಡಿಸಿತು, ಅರ್ಧ ಹೊಸದಾಗಿ ಕಟ್ಟಿತು. 1990ರಲ್ಲಿ ಓಕೆಬ್ರಿಜ್, 2001ರಲ್ಲಿ ಬ್ರಿಜ್ ಬೇಸ್ ಆನ್‌ಲೈನ್ ಆರಂಭವಾದವು. ಅಲ್ಲಿ ಮುಖವಿಲ್ಲ, ಧ್ವನಿಯಿಲ್ಲ. ಕೂಗಿನ ಅರ್ಥವನ್ನು ಕೂಗಿದವನೇ ಬರೆದು ತಿಳಿಸುತ್ತಾನೆ. ಅದು ಎದುರಾಳಿಗಳಿಗೆ ಮಾತ್ರ ಕಾಣುತ್ತದೆ, ಜೊತೆಗಾರನಿಗೆ ಕಾಣದು. ಮೇಜಿನ ಆಟದಲ್ಲಿ ಜೊತೆಗಾರನೇ ವಿವರಿಸಬೇಕಾಗಿರುವುದರಿಂದ "ಇವನು ನನ್ನನ್ನು ತಪ್ಪು ತಿಳಿದಿದ್ದಾನೆ" ಎಂಬ ಅನುಚಿತ ಸುದ್ದಿ ಕೂಗಿದವನಿಗೆ ಸಿಕ್ಕಿಬಿಡುತ್ತಿತ್ತು. ಇಲ್ಲಿ ಆ ದಾರಿ ಮುಚ್ಚಿದೆ.

ಆದರೆ ಇಬ್ಬರು ದೂರವಾಣಿಯಲ್ಲಿ ಮಾತನಾಡಿಕೊಂಡರೆ ಪರದೆ ಅದನ್ನು ಕಾಣದು. 2020ರ ಸಾಂಕ್ರಾಮಿಕದಲ್ಲಿ ಕ್ಲಬ್ಬುಗಳು ಮುಚ್ಚಿ ಆಟವೆಲ್ಲ ಅಂತರಜಾಲಕ್ಕೆ ಸರಿದಾಗ ಇಂಥ ಮೋಸಗಳು ಅನೇಕ ದೇಶಗಳಲ್ಲಿ ಬಯಲಾದವು. ಅವನ್ನು ಹಿಡಿದದ್ದೂ ಗಣಿತವೇ. ಅಲ್ಲಿ ಪ್ರತಿ ಕೂಗೂ ಪ್ರತಿ ಎಲೆಯೂ ದಾಖಲಾಗುತ್ತದೆ. ಕಾಣದ ಎಲೆಗಳನ್ನು ಊಹಿಸುವಲ್ಲಿ ಯಾರಾದರೂ ಒಮ್ಮೆ ಅದೃಷ್ಟವಂತರಾಗಬಹುದು. ನೂರಾರು ಹಂಚಿಕೆಗಳಲ್ಲಿ ಸದಾ ಅದೃಷ್ಟವಂತರಾಗಿರುವುದು ಸಂಭಾವ್ಯತೆಯ ನಿಯಮಕ್ಕೆ ಒಗ್ಗದು.

ಇಸ್ಪೀಟೆಂದರೆ ಜೂಜೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಅದು ನಿರಾಧಾರವೂ ಅಲ್ಲ. ಆದರೆ ಪಂದ್ಯದ ಬ್ರಿಜ್‌ನಲ್ಲಿ ಒಂದೇ ಹಂಚಿಕೆಯನ್ನು ಹಲವು ಮೇಜುಗಳಲ್ಲಿ ಆಡಿಸಿ ಫಲವನ್ನು ಹೋಲಿಸುವುದರಿಂದ ಅದೃಷ್ಟದ ಪಾಲು ಬಹಳ ಕಡಿಮೆಯಾಗುತ್ತದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಭಾರತಕ್ಕೆ ಬ್ರಿಜ್‌ನ ಚಿನ್ನದ ಪದಕ ತಂದರು. ಬರ್ಧನ್ ಅವರಿಗೆ ಆಗ 60 ವರ್ಷ. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ಕಾಯಿದೆಯಿಂದ ನಿಷೇಧಿಸಿದೆ. ವಿದ್ಯಾರ್ಥಿಗಳು ಹಣವಿಲ್ಲದ ಆಟವನ್ನೇ ಆಡಬೇಕು. ಬ್ರಿಜ್‌ನ ಸ್ವಾರಸ್ಯಕ್ಕೆ ಹಣದ ಅಗತ್ಯವೂ ಇಲ್ಲ.

ಆ ಸಂಜೆಯ ಮಾರನೆಯ ವಾರ ನಾವೂ ಆ ಹಿರಿಯರೂ ಒಂದು ಹಾಳೆ ಕಾಗದ ಮುಂದಿಟ್ಟುಕೊಂಡು ಕುಳಿತು ಎಂಟು ಒಪ್ಪಂದಗಳನ್ನು ಬರೆದೆವು. ಮೊದಲನೆಯದು ಎರಡು ಕ್ಲಾವರ್. ಈಗ ಮಳೆಗಾಲದಲ್ಲಿ ಅವರು ತೋಟದ ಮನೆಯಿಂದ, ನಾವು ಊರಿನಿಂದ, ಪರದೆಯ ಮೇಲೆ ಆಡುತ್ತೇವೆ. ಕರೆಂಟು ಹೋಗಿ ಅವರ ಸ್ಥಾನ ಬರಿದಾದರೆ ಬೇರೊಬ್ಬರು ಬಂದು ಕೂರುತ್ತಾರೆ. ಆ ಅಪರಿಚಿತರೊಡನೆ ನಮಗೆ ಒಪ್ಪಂದವಿಲ್ಲವಾದ್ದರಿಂದ ಆಗ ನಾವು ಬಹಳ ಸರಳವಾಗಿ ಕೂಗುತ್ತೇವೆ. ಭಾಷೆ ಹಂಚಿಕೊಳ್ಳದವರೊಡನೆ ಜಾಣತನದ ಮಾತು ಸಲ್ಲದೆಂಬುದನ್ನು ಎರಡು ಟ್ರಿಕ್‌ಗಳ ಬೆಲೆ ಕೊಟ್ಟು ಕಲಿತಿದ್ದೇವೆ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ಆರು ಮಾತ್ರೆಯ ಗಣದ ಪ್ರಸ್ತಾರವನ್ನು ಹಾಕಿರಿ. ಬಳಿಕ ಆರು ಮೆಟ್ಟಿಲಿನ ಏಣಿಯಲ್ಲಿ ಸಾಧ್ಯವಾಗುವ ಸಂಭಾಷಣೆಗಳನ್ನು ಒಂದೊಂದಾಗಿ ಬರೆಯಿರಿ. ಎರಡು ಪಟ್ಟಿಗಳಲ್ಲೂ ಹದಿಮೂರು ಸಾಲು ಬಂದರೆ ನಿಮ್ಮ ಲೆಕ್ಕ ಸರಿ.