ತಿಪ್ಪೆಗೊಬ್ಬರವೂ ಚೀಲದ ಗೊಬ್ಬರವೂ



ಕಿತ್ತೂರು ಸೀಮೆಯಲ್ಲಿಯೂ ಬೈಲಹೊಂಗಲದ ಪಡುವಣ ಹಳ್ಳಿಗಳಲ್ಲಿಯೂ ಮುಂಗಾರಿಗೆ ಕೂರಿಗೆಯಿಂದ ಭತ್ತ ಬಿತ್ತುವವರು ನಮ್ಮೊಳಗೆ ಅನೇಕರು. ತಿಪ್ಪೆಯ ಗೊಬ್ಬರವೇ ಸಾಕೋ, ಸಾಲ ಮಾಡಿಯಾದರೂ ಚೀಲದ ಗೊಬ್ಬರವನ್ನು ತರಬೇಕೋ, ಎಂದು ಇವರು ಕೇಳುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ಎಣಿಸುವದೇ ತಪ್ಪು. ಕಾರಣವನ್ನು ಲೆಕ್ಕದಿಂದ ತೋರಿಸುವೆವು.

45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿ ಸುಮಾರು 21 ಕಿಲೋ ಸಾರಜನಕ ಉಂಟು. ಪೈರಿಗೆ ಬೇಕಾದ ರಂಜಕವಾಗಲಿ ಪೊಟ್ಯಾಶಾಗಲಿ ಇಲ್ಲ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದ ಒಂದು ಟನ್ನಿನಲ್ಲಿ ಮೂರೂ ಉಂಟು, ಆದರೆ ಸಾರಜನಕವು ಸುಮಾರು 5 ಕಿಲೋ ಮಾತ್ರ. ಅಂದರೆ ಒಂದು ಚೀಲಕ್ಕೆ ನಾಲ್ಕು ಟನ್ನು ಗೊಬ್ಬರ ಸಮವಾಯಿತು. ಅದರಲ್ಲಿಯೂ ಮೊದಲನೆಯ ವರುಷ ಪೈರಿಗೆ ದೊರೆಯುವದು ಒಂದು ಪಾಲು ಮಾತ್ರ. ಎರಡು ಎತ್ತು, ಒಂದು ಆಕಳು ಉಳ್ಳವನು ತಿಪ್ಪೆಯನ್ನೇ ನಂಬಿ ಎರಡೆಕರೆ ಭತ್ತಕ್ಕೆ ಸಾಲುವಷ್ಟನ್ನು ಹೇಗೆ ಕೂಡಿಸಾನು? ಕೆಲವು ಮನೆಗಳಲ್ಲಿ ಹೆಂಡಿಯು ಇನ್ನೂ ಕುಳ್ಳಾಗಿ ಒಲೆಗೆ ಹೋಗುತ್ತದಲ್ಲಾ!

ಹಾಗಾದರೆ ಚೀಲವೇ ಸಾಕೆನ್ನಬೇಡಿರಿ. ತಿಪ್ಪೆಗೊಬ್ಬರವು ಮಣ್ಣನ್ನು ಸಡಿಲಮಾಡಿ ನೀರನ್ನು ಹಿಡಿದಿಡುತ್ತದೆ. ಸತುವಿನಂಥ ಸೂಕ್ಷ್ಮ ಆಹಾರಗಳನ್ನೂ ಕೊಡುತ್ತದೆ. ಮಳೆ ಹದಿನೈದು ದಿನ ಹಿಂಜರಿದಾಗ ಮಸಾರಿ ಹೊಲದಲ್ಲಿ ಇದರ ಬೆಲೆ ತಿಳಿಯುವದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಲ್ಲಿ ಗೋಧಿಯ ಹೊಲವೊಂದನ್ನು ಪಟ್ಟಿಗಳಾಗಿ ವಿಂಗಡಿಸಿ, ಒಂದಕ್ಕೆ ಕೊಟ್ಟಿಗೆಗೊಬ್ಬರ, ಬೇರೆ ಪಟ್ಟಿಗಳಿಗೆ ರಾಸಾಯನಿಕ ಗೊಬ್ಬರ ಕೊಡುತ್ತಾ ಬಂದಿದ್ದಾರೆ. ಆ ಪರೀಕ್ಷೆ ಈಗಲೂ ನಡೆಯುತ್ತಿದೆ. ಬಹುಕಾಲ ಎರಡೂ ಹೆಚ್ಚುಕಡಿಮೆ ಸಮವಾಗಿ ಬೆಳೆ ಕೊಟ್ಟವು. ಆದದರಿಂದ ಚೀಲದ ಗೊಬ್ಬರವು ವಿಷವೆಂಬ ಮಾತನ್ನು ನಾವು ಒಪ್ಪಲಾರೆವು. ಆದರೆ ಕೊಟ್ಟಿಗೆಗೊಬ್ಬರ ಬಿದ್ದ ಮಣ್ಣಿನ ಸಾವಯವಾಂಶವು ಇಮ್ಮಡಿಗಿಂತ ಹೆಚ್ಚಾಯಿತು. 1968ರ ತರುವಾಯ ಹೊಸ ತಳಿಗಳನ್ನು ಬಿತ್ತಿದಾಗ, ಕೊಟ್ಟಿಗೆಗೊಬ್ಬರದ ಮೇಲೆ ಸಾರಜನಕವನ್ನೂ ಕೊಟ್ಟ ಪಟ್ಟಿಯು ಸಾಮಾನ್ಯವಾಗಿ ಮುಂದಾಯಿತು.

ಇನ್ನು ಮಾಡತಕ್ಕ ರೀತಿ. ಅರೆಗಳಿತ ಗೊಬ್ಬರವನ್ನು ಹೊಲಕ್ಕೆ ಹೊರಬಾರದು. ಯಾಕಂದರೆ ಹಸಿ ಹುಲ್ಲನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹೀರಿಕೊಳ್ಳುವವು, ಸಸಿಗಳು ಹಳದಿಯಾಗುವವು, ಕಳೆಯ ಬೀಜಗಳೂ ಸಾಯದೆ ಬರುವವು. ತಿಪ್ಪೆಯನ್ನು ಕುಣಿಯಲ್ಲಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬಿಸಿಲು ಮಳೆಗಳಿಂದ ಕಾಯಿರಿ. ಕೊಟ್ಟಿಗೆಯ ಗಂಜಲವನ್ನು ಚರಂಡಿಗೆ ಬಿಡುವವನು ಸಾರಜನಕವನ್ನೇ ಚೆಲ್ಲುತ್ತಾನೆ. ಅಂಜೂರದ ಗಿಡದ ಸಾಮ್ಯದಲ್ಲಿ ತೋಟಗಾರನು ಗೊಬ್ಬರ ಹಾಕುವದಕ್ಕೆ ಕೇಳಿಕೊಂಡದ್ದು ಒಂದು ವರುಷವನ್ನು, ಒಂದು ವಾರವನ್ನಲ್ಲ. ಈ ಗೊಬ್ಬರದ ನಡೆಯೇ ಹಾಗೆ.

ಬಿತ್ತನೆಗೆ ಎರಡು ಮೂರು ವಾರ ಮುಂಚೆ ಅದನ್ನು ಹರಡಿ ಮಣ್ಣಿನಲ್ಲಿ ಬೆರಸಿರಿ. ರಂಜಕವನ್ನೂ ಪೊಟ್ಯಾಶನ್ನೂ ಬಿತ್ತುವಾಗಲೇ ಕೊಡತಕ್ಕದ್ದು. ಯೂರಿಯಾವನ್ನು ಮಾತ್ರ ಒಂದೇ ಸಾರಿ ಸುರಿಯಬಾರದು. ಒಂದು ಪಾಲು ಬಿತ್ತನೆಯಲ್ಲಿ, ಒಂದು ಪಾಲು ತಿಂಗಳ ಮೇಲೆ, ಉಳಿದದ್ದು ತೆನೆ ಕಟ್ಟಲು ತೊಡಗುವಾಗ. ಕಳೆ ತೆಗೆದ ಮೇಲೆಯೇ ಕೊಡಿರಿ, ಇಲ್ಲವಾದರೆ ಕಳೆಗೇ ಊಟ. ನಿಂತ ನೀರಿನ ಮೇಲೆ ಎರಚಿದರೆ ಬಹುಭಾಗ ಅಮೋನಿಯವಾಗಿ ಗಾಳಿಗೆ ಹೋಗುವದು. ಮೊದಲು ನೀರನ್ನು ಬಸಿಯಿರಿ.

ಸವದತ್ತಿ, ರಾಮದುರ್ಗಗಳ ಎರೆಹೊಲಗಳಲ್ಲಿ ಜೋಳ, ಹತ್ತಿಗಳೇ ಹೆಚ್ಚು. ಅಲ್ಲಿಯೂ ಗೊಬ್ಬರಗಳನ್ನು ಕೂಡಿಸುವ ಕ್ರಮ ಇದೇ, ಪ್ರಮಾಣವು ಬೇರೆ. ಎಷ್ಟೆಂದು ಅಂಗಡಿಯವನನ್ನು ಕೇಳಬೇಡಿರಿ. ಹೊಲದ ಎಂಟು ಹತ್ತು ಕಡೆಗಳಿಂದ ಗೇಣುದ್ದದ ಆಳದ ವರೆಗಿನ ಮಣ್ಣನ್ನು ತೆಗೆದು, ಬೆರಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋದಷ್ಟನ್ನು ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಲ್ಲವೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಪರೀಕ್ಷೆಯ ವಿಷಯ ವಿಚಾರಿಸಿರಿ. ತಿಪ್ಪೆ ಇದ್ದ ಜಾಗದ ಮಣ್ಣನ್ನೂ ಬದುವಿನ ಮಣ್ಣನ್ನೂ ಅದರಲ್ಲಿ ಸೇರಿಸಬಾರದು.