ಮೈಸೂರು ಅರಮನೆ ಅಂಗಳದ ಸಂಜೆ ಕಛೇರಿ: ಹೋಗುವುದು ಹೇಗೆ, ಕೇಳುವುದು ಹೇಗೆ?

ನವರಾತ್ರಿಯ ಸಂಜೆಗಳಲ್ಲಿ ಮೈಸೂರು ಅರಮನೆಯ ಮುಂದಿನ ವೇದಿಕೆಯಲ್ಲಿ ನಡೆಯುವ ಶಾಸ್ತ್ರೀಯ ಸಂಗೀತ ಕಛೇರಿಗಳು ಸಾರ್ವಜನಿಕರಿಗೆ ಉಚಿತ. ಒಂದು ಕಾಲಕ್ಕೆ ರಾಜರ ದರ್ಬಾರಿಗೆ ಆಹ್ವಾನವಿದ್ದವರು ಮಾತ್ರ ಕೇಳುತ್ತಿದ್ದ ಸಂಗೀತವನ್ನು ಇಂದು ಅದೇ ಅರಮನೆಯ ಎದುರು ಯಾರು ಬೇಕಾದರೂ ಕುಳಿತು ಕೇಳಬಹುದು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಿಂದ ದಸರಾ ನೋಡಲು ಹೋಗುವವರಲ್ಲಿ ಹೆಚ್ಚಿನವರು ಜಂಬೂಸವಾರಿ ಮತ್ತು ದೀಪಾಲಂಕಾರ ಮುಗಿಸಿ ಮರಳುತ್ತಾರೆ. ಸ್ವಲ್ಪ ಮುಂಚಿತವಾಗಿ ಯೋಜಿಸಿಕೊಂಡರೆ ಒಂದು ಸಂಜೆಯನ್ನು ಕಛೇರಿಗೇ ಮೀಸಲಿಡುವುದು ಕಷ್ಟವಲ್ಲ. ಅದಕ್ಕೆ ಬೇಕಾದ ತಯಾರಿಯನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಅರಮನೆ ಮತ್ತು ಅದರ ಸಂಗೀತ

ಈಗಿನ ಅರಮನೆಗೆ ಮೊದಲು ಅದೇ ಜಾಗದಲ್ಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸ ಅರಮನೆಯ ವಿನ್ಯಾಸ ಹೆನ್ರಿ ಇರ್ವಿನ್ ಅವರದು. ಕಟ್ಟಡ 1912ರಲ್ಲಿ ಪೂರ್ಣಗೊಂಡಿತು. ಅದನ್ನು ಬೆಳಗಲು ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳಿವೆ.

ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅವರು 'ವೈಣಿಕ ಶಿಖಾಮಣಿ' ಬಿರುದು ಕೊಟ್ಟ ವೀಣೆ ಶೇಷಣ್ಣ, ಅವರೊಂದಿಗೆ ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್, ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯ ಮುಂತಾದವರು ಆ ಕಾಲದ ಆಸ್ಥಾನವನ್ನು ಬೆಳಗಿದರು. ಆಸ್ಥಾನದ ಬಾಗಿಲು ಉತ್ತರದ ಸಂಗೀತಕ್ಕೂ ತೆರೆದಿತ್ತು. ಆಗ್ರಾ ಘರಾಣೆಯ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಬಂದದ್ದು ಮೈಸೂರಿನಿಂದ. ಗ್ರಾಮಫೋನ್ ಕಾಲದ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಕೊನೆಯ ದಿನಗಳನ್ನು ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಹೀಗಾಗಿ ಈ ಅಂಗಳದಲ್ಲಿ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಿಗೆ ಜಾಗ ಸಿಗುವುದು ಹೊಸ ಏರ್ಪಾಡೇನಲ್ಲ.

1. ದಿನ ಆರಿಸಿಕೊಳ್ಳುವುದು

ನವರಾತ್ರಿ ಆಶ್ವಯುಜ ಶುದ್ಧ ಪಾಡ್ಯದಿಂದ ಆರಂಭವಾಗುತ್ತದೆ. ಅರಮನೆ ವೇದಿಕೆಯ ಕಾರ್ಯಕ್ರಮಗಳು ಹಬ್ಬದ ಮೊದಲ ದಿನಗಳಿಂದಲೇ ಸಂಜೆ ಹೊತ್ತು ನಡೆಯುತ್ತವೆ. ನಮ್ಮ ಕಡೆಯವರಿಗೆ ಈ ಮೊದಲ ದಿನಗಳೇ ಅನುಕೂಲ. ಆಯುಧಪೂಜೆಗೆ ಟ್ರ್ಯಾಕ್ಟರ್, ನೇಗಿಲು ತೊಳೆದು ಪೂಜೆ ಮಾಡಬೇಕು, ವಿಜಯದಶಮಿಗೆ ಊರಲ್ಲಿ ಬನ್ನಿ ಮುಡಿಯಬೇಕು. ಅಷ್ಟರೊಳಗೆ ಹೋಗಿ ಬಂದರೆ ಮನೆಯ ಹಬ್ಬ ತಪ್ಪುವುದಿಲ್ಲ. ಮೆಕ್ಕೆಜೋಳ ಮುರಿಯುವ ಕೆಲಸ, ಅಡಿಕೆ ಕೊಯ್ಲು ಈ ಸುಮಾರಿಗೇ ಬರುವುದರಿಂದ ಕೃಷಿಕರು ಆಳುಗಳ ಲೆಕ್ಕ ನೋಡಿಕೊಂಡು ದಿನ ಗೊತ್ತುಮಾಡಿಕೊಳ್ಳಬೇಕು. ಜಂಬೂಸವಾರಿಯ ಹಿಂದುಮುಂದಿನ ದಿನಗಳಿಗೆ ಹೋಲಿಸಿದರೆ ಆರಂಭದ ದಿನಗಳಲ್ಲಿ ಜನಸಂದಣಿಯೂ ಕಡಿಮೆ.

ಪ್ರತಿದಿನದ ಕಾರ್ಯಕ್ರಮ ಪಟ್ಟಿ ಹಬ್ಬಕ್ಕೆ ಕೆಲವು ದಿನ ಮೊದಲು ಪತ್ರಿಕೆಗಳಲ್ಲಿ ಮತ್ತು ದಸರಾದ ಅಧಿಕೃತ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಒಂದೇ ಸಂಜೆಯಲ್ಲಿ ವಾದ್ಯ, ಗಾಯನ, ನೃತ್ಯ, ಸುಗಮ ಸಂಗೀತ, ಜನಪದ ಒಂದಾದ ಮೇಲೊಂದು ಬರುವುದುಂಟು. ಆದ್ದರಿಂದ ಕಲಾವಿದರ ಹೆಸರಿನ ಜೊತೆಗೆ ಯಾವ ಪ್ರಕಾರ, ಎಷ್ಟು ಹೊತ್ತಿಗೆ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಅರಮನೆಯ ಜೊತೆಗೆ ಜಗನ್ಮೋಹನ ಅರಮನೆ, ಕಲಾಮಂದಿರ, ವೀಣೆ ಶೇಷಣ್ಣ ಭವನದಂಥ ಸಭಾಂಗಣಗಳಲ್ಲೂ ಕಛೇರಿಗಳಿರುತ್ತವೆ. ಸದ್ದುಗದ್ದಲವಿಲ್ಲದೆ ಶಾಸ್ತ್ರೀಯ ಸಂಗೀತವನ್ನಷ್ಟೇ ಕೇಳಬೇಕೆನ್ನುವವರಿಗೆ ಜಗನ್ಮೋಹನ ಅರಮನೆಯ ಸಭಾಂಗಣ ಒಳ್ಳೆಯದು. 1861ರ ಈ ಅರಮನೆಯಲ್ಲಿಯೇ 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭ ನಡೆದದ್ದು.

ದಸರಾಕ್ಕೆ ಬಿಡುವಾಗದಿದ್ದರೆ ಡಿಸೆಂಬರ್ ಕೊನೆಯ ವಾರದ ಮಾಗಿ ಉತ್ಸವವನ್ನು ನೋಡಿಕೊಳ್ಳಬಹುದು. ಆಗ ಅರಮನೆ ಅಂಗಳದಲ್ಲಿ ಫಲಪುಷ್ಪ ಪ್ರದರ್ಶನದ ಜೊತೆಗೆ ಸಂಜೆಯ ಸಂಗೀತ ಕಾರ್ಯಕ್ರಮಗಳೂ ಇರುತ್ತವೆ. ಮಳೆಯ ಭಯವಿಲ್ಲ, ಆದರೆ ಚಳಿಗೆ ಶಾಲು ಬೇಕು.

2. ಪ್ರಯಾಣ ಮತ್ತು ವಸತಿ

ನ್ಯಾಮತಿ, ಹೊನ್ನಾಳಿಯವರಿಗೆ ಶಿವಮೊಗ್ಗ, ಚನ್ನಗಿರಿಯವರಿಗೆ ಶಿವಮೊಗ್ಗ ಅಥವಾ ಭದ್ರಾವತಿ, ಜಗಳೂರಿನವರಿಗೆ ದಾವಣಗೆರೆ ಅನುಕೂಲದ ರೈಲು ನಿಲ್ದಾಣಗಳು. ಶಿವಮೊಗ್ಗದಿಂದ ಬೀರೂರು, ಅರಸೀಕೆರೆ, ಹಾಸನ ಮಾರ್ಗವಾಗಿ ಮೈಸೂರಿಗೆ ನೇರ ರೈಲುಗಳಿವೆ. ಬೆಂಗಳೂರು ಸುತ್ತಿ ಹೋಗುವ ರಾತ್ರಿ ರೈಲೂ ಇದೆ. ರೈಲು ಟಿಕೆಟ್ ಕಾಯ್ದಿರಿಸಲು 60 ದಿನ ಮೊದಲೇ ಅವಕಾಶ ತೆರೆಯುತ್ತದೆ. ದಸರಾದ ಟಿಕೆಟ್‌ಗಳು ಬೇಗ ಮುಗಿಯುವುದರಿಂದ ದಿನ ನಿಶ್ಚಯವಾದ ಕೂಡಲೇ ಕಾಯ್ದಿರಿಸುವುದು ಜಾಣತನ. ಶಿವಮೊಗ್ಗ ಮತ್ತು ದಾವಣಗೆರೆಯಿಂದ ಸರ್ಕಾರಿ ಬಸ್ಸುಗಳಿವೆ. ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಗುರುತಿನ ಚೀಟಿ ಜೊತೆಗಿರಬೇಕು.

ಬೆಳಗಿನ ಪ್ರಯಾಣ ಮಾಡಿ ಅದೇ ದಿನ ಸಂಜೆ ಕಛೇರಿಗೆ ಕುಳಿತರೆ ಆಯಾಸದಿಂದ ಕಿವಿ ಸಂಗೀತದ ಮೇಲೆ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಹೊರಟು ಬೆಳಿಗ್ಗೆ ಮೈಸೂರು ಸೇರಿ, ಮಧ್ಯಾಹ್ನ ವಿಶ್ರಾಂತಿ ತೆಗೆದುಕೊಂಡು ಸಂಜೆ ಅರಮನೆಗೆ ಹೋಗುವುದು ಉತ್ತಮ. ಕಛೇರಿ ರಾತ್ರಿ ಮುಗಿಯುವುದರಿಂದ ಆ ರಾತ್ರಿಗೆ ವಸತಿ ಬೇಕೇ ಬೇಕು. ದಸರಾ ವೇಳೆ ಲಾಡ್ಜುಗಳ ದರ ಏರುತ್ತದೆ, ಕೊಠಡಿ ಸಿಗುವುದೂ ಕಷ್ಟ. ನೆಂಟರ ಮನೆ, ಮಠದ ಛತ್ರ, ವಿದ್ಯಾರ್ಥಿನಿಲಯಗಳಲ್ಲಿ ಪರಿಚಯವಿದ್ದರೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು.

3. ಹಗಲಿನಲ್ಲಿ ಅರಮನೆಯ ಒಳಗೆ

ಸಂಜೆ ಕಾಣುವುದು ಅರಮನೆಯ ಮುಂಭಾಗ ಮಾತ್ರ. ಒಳಾಂಗಣ ನೋಡಬೇಕೆಂದರೆ ಹಗಲಿನಲ್ಲಿ ಟಿಕೆಟ್ ಪಡೆದು ಹೋಗಬೇಕು. ಚಪ್ಪಲಿಯನ್ನು ಹೊರಗೆ ಬಿಡಬೇಕು. ಬಣ್ಣದ ಗಾಜಿನ ನವಿಲುಗಳ ಚಾವಣಿಯಿರುವ ಕಲ್ಯಾಣ ಮಂಟಪ, ಅದರ ಗೋಡೆಗಳ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳು, ದೊಡ್ಡ ದರ್ಬಾರ್ ಹಾಲ್, ಅಂಬಾವಿಲಾಸ ಇವು ನೋಡಲೇಬೇಕಾದವು. ನವರಾತ್ರಿಯಲ್ಲಿ ರಾಜವಂಶದವರ ಖಾಸಗಿ ದರ್ಬಾರ್ ಮತ್ತು ಪೂಜೆಗಳಿಗಾಗಿ ಕೆಲವು ಹೊತ್ತು ಪ್ರವಾಸಿಗರ ಪ್ರವೇಶವನ್ನು ನಿಲ್ಲಿಸುವುದುಂಟು. ಆ ದಿನದ ವೇಳೆಯನ್ನು ಟಿಕೆಟ್ ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಬೇಕು.

4. ಸಂಜೆ ಅಂಗಳ ಸೇರುವುದು

ಅರಮನೆಯ ಕೋಟೆಗೆ ಹಲವು ದ್ವಾರಗಳಿವೆ: ಉತ್ತರದಲ್ಲಿ ಬಲರಾಮ–ಜಯರಾಮ, ಪೂರ್ವದಲ್ಲಿ ಜಯಮಾರ್ತಾಂಡ, ದಕ್ಷಿಣದಲ್ಲಿ ವರಾಹ. ಸಾರ್ವಜನಿಕರನ್ನು ಯಾವ ದ್ವಾರದಿಂದ ಬಿಡುತ್ತಾರೆಂಬುದು ಆಯಾ ವರ್ಷದ ಪೊಲೀಸ್ ಏರ್ಪಾಡಿಗೆ ಬಿಟ್ಟದ್ದು. ದ್ವಾರದ ಹೆಸರನ್ನು ಮೊದಲೇ ಕೇಳಿಕೊಂಡರೆ ಕೋಟೆ ಸುತ್ತುವ ಶ್ರಮ ತಪ್ಪುತ್ತದೆ. ಸುತ್ತಲಿನ ರಸ್ತೆಗಳಲ್ಲಿ ವಾಹನ ಸಂಚಾರ ಬದಲಾಗುವುದರಿಂದ ಆಟೊವನ್ನು ಸ್ವಲ್ಪ ದೂರದಲ್ಲೇ ಬಿಟ್ಟು ನಡೆದು ಹೋಗುವುದು ಸುಲಭ. ದ್ವಾರದಲ್ಲಿ ತಪಾಸಣೆ ಇರುತ್ತದೆ, ದೊಡ್ಡ ಬ್ಯಾಗುಗಳನ್ನು ಕೊಠಡಿಯಲ್ಲೇ ಬಿಟ್ಟಿರಬೇಕು.

ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ತಲುಪಿದರೆ ಒಳ್ಳೆಯ ಜಾಗ ಸಿಗುತ್ತದೆ. ಮುಂದಿನ ಸಾಲುಗಳು ಸಾಮಾನ್ಯವಾಗಿ ಆಹ್ವಾನಿತರಿಗೆ ಮೀಸಲು. ಅವುಗಳ ಹಿಂದೆ, ವೇದಿಕೆಯ ನಡುಭಾಗಕ್ಕೆ ಎದುರಾಗಿ, ಧ್ವನಿವರ್ಧಕದ ಕಂಬದಿಂದ ದೂರವಿರುವ ಜಾಗ ಕೇಳಲು ಹಿತ. ತೀರ ಪಕ್ಕದಲ್ಲಿ ಕುಳಿತರೆ ವೀಣೆಯ ಗಮಕ, ತಂಬೂರಿಯ ಶ್ರುತಿ ಮುಂತಾದ ನವಿರು ನಾದಗಳು ಧ್ವನಿವರ್ಧಕದ ಅಬ್ಬರದಲ್ಲಿ ಮುಳುಗುತ್ತವೆ.

ಹಬ್ಬದ ಕಾಲದಲ್ಲಿ ಮೈಸೂರಿನಲ್ಲಿ ಸಂಜೆ ಮಳೆ ಸಾಮಾನ್ಯ, ಕುಳಿತುಕೊಳ್ಳುವುದು ಬಯಲಿನಲ್ಲಿ. ಕೊಡೆ ಬಿಡಿಸಿದರೆ ಹಿಂದಿನವರಿಗೆ ವೇದಿಕೆ ಕಾಣುವುದಿಲ್ಲವಾದ್ದರಿಂದ ಮಳೆಯಂಗಿಯೇ ಸರಿ. ಕುರ್ಚಿ ಒರೆಸಲು ಒಂದು ಟವೆಲ್, ಕುಡಿಯುವ ನೀರು, ವಯಸ್ಸಾದವರಿಗೆ ಔಷಧಿ ಮತ್ತು ಹೊದೆಯಲು ಒಂದು ಶಾಲು ಇದ್ದರೆ ಸಾಕು. ರಾತ್ರಿಯ ಊಟ ತಡವಾಗುತ್ತದೆ, ಹೊರಡುವ ಮೊದಲೇ ತಿಂಡಿ ಮಾಡಿಕೊಂಡಿರಬೇಕು.

5. ಕಛೇರಿಯ ಕ್ರಮ ತಿಳಿಯುವುದು

ಮಧ್ಯ ಕರ್ನಾಟಕದ ಕಿವಿಗಳಿಗೆ ಹಾರ್ಮೋನಿಯಂ–ತಬಲದ ಸಂಗೀತವೇ ಹೆಚ್ಚು ಪರಿಚಿತ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ಶಿಷ್ಯರು ಜಾತ್ರೆ, ಪುರಾಣ ಪ್ರವಚನಗಳಲ್ಲಿ ಹಾಡಿ ಆ ರುಚಿಯನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದ್ದಾರೆ. ಅರಮನೆಯ ಕರ್ನಾಟಕ ಸಂಗೀತ ಕಛೇರಿಯಲ್ಲಿ ಹಾರ್ಮೋನಿಯಂ ಜಾಗದಲ್ಲಿ ಪಿಟೀಲು, ತಬಲದ ಜಾಗದಲ್ಲಿ ಮೃದಂಗ ಇರುತ್ತವೆ. ಘಟ, ಖಂಜರಿ, ಮೋರ್ಸಿಂಗ್‌ಗಳಲ್ಲಿ ಒಂದು ಜೊತೆಗೂಡಬಹುದು.

ಕಛೇರಿ ವರ್ಣದಿಂದಲೋ ಗಣಪತಿಯ ಮೇಲಿನ ಕೃತಿಯಿಂದಲೋ ಆರಂಭವಾಗುತ್ತದೆ. ಒಂದೆರಡು ಚಿಕ್ಕ ಕೃತಿಗಳ ನಂತರ ಮುಖ್ಯ ರಾಗ ಬರುತ್ತದೆ. ಮೊದಲು ತಾಳವಿಲ್ಲದ ಆಲಾಪನೆ. ಸಾಹಿತ್ಯವಿಲ್ಲದೆ ರಾಗದ ರೂಪವನ್ನು ಮಂದ್ರದಿಂದ ಮೇಲಕ್ಕೆ ಮೆಲ್ಲಗೆ ಬಿಡಿಸುವ ಭಾಗವಿದು. ಗಾಯಕರು ನಿಲ್ಲಿಸಿದ ಮೇಲೆ ಪಿಟೀಲು ವಾದಕರು ಅದೇ ರಾಗವನ್ನು ತಮ್ಮ ರೀತಿಯಲ್ಲಿ ನುಡಿಸುತ್ತಾರೆ. ನಂತರ ಪಲ್ಲವಿ, ಅನುಪಲ್ಲವಿ, ಚರಣಗಳ ಕೃತಿ. ಅದರ ಒಂದು ಸಾಲನ್ನೇ ಹಿಡಿದು, ಮಾತು ಬದಲಿಸದೆ ರಾಗದ ನಡೆಯನ್ನು ಬದಲಿಸುತ್ತ ಹಾಡುವುದು ನೆರವಲ್. ಸರಿಗಮಪದನಿ ಸ್ವರಗಳನ್ನೇ ಆ ಕ್ಷಣದಲ್ಲಿ ಹೆಣೆದು ಸಾಲಿಗೆ ಬಂದು ಸೇರುವುದು ಕಲ್ಪನಾಸ್ವರ. ಕೊನೆಗೆ ತನಿ ಆವರ್ತನ: ಹಾಡು ನಿಂತು ಲಯವಾದ್ಯದವರು ಮಾತ್ರ ನುಡಿಸುವ ಭಾಗ. ಅದಾದ ಮೇಲೆ ದೇವರನಾಮ, ವಚನ, ತಿಲ್ಲಾನ. ಎಲ್ಲಕ್ಕೂ ಕೊನೆಗೆ ಮಂಗಳ. ಅರಮನೆ ವೇದಿಕೆಯಲ್ಲಿ ಪ್ರತಿ ತಂಡಕ್ಕೂ ಸಮಯ ಮಿತವಾಗಿರುವುದರಿಂದ ಈ ಅಂಗಗಳಲ್ಲಿ ಕೆಲವು ಚಿಕ್ಕದಾಗುತ್ತವೆ.

ಹೋಗುವ ಮೊದಲು ಮನೆಯಲ್ಲಿ ಮೂರ್ನಾಲ್ಕು ಧ್ವನಿಮುದ್ರಣ ಕೇಳಿದ್ದರೆ ಕಛೇರಿ ಪರಿಚಿತವಾಗುತ್ತದೆ. ವಾಸುದೇವಾಚಾರ್ಯರು ಖಮಾಚ್ ರಾಗದಲ್ಲಿ ರಚಿಸಿದ 'ಬ್ರೋಚೇವಾರೆವರುರಾ', ಮುತ್ತಯ್ಯ ಭಾಗವತರ್ ಮೋಹನಕಲ್ಯಾಣಿಯಲ್ಲಿ ಕನ್ನಡದಲ್ಲೇ ರಚಿಸಿದ 'ಭುವನೇಶ್ವರಿಯ', ಜಯಚಾಮರಾಜ ಒಡೆಯರ ಗಂಭೀರನಾಟ ರಾಗದ 'ಶ್ರೀ ಜಾಲಂಧರ' ಮೂರೂ ಈ ಅರಮನೆಯ ನಂಟಿನವು, ಕಛೇರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವಂಥವು.

ಹಿಂದೂಸ್ತಾನಿ ಕಛೇರಿಯಾದರೆ ಒಂದೇ ರಾಗದಲ್ಲಿ ನಿಧಾನವಾದ ವಿಲಂಬಿತ ಖ್ಯಾಲ್, ಅನಂತರ ವೇಗದ ದ್ರುತ್. ಆಮೇಲೆ ಠುಮ್ರಿ, ದಾಸರ ಪದ, ವಚನ. ಸಾಮಾನ್ಯವಾಗಿ ಭೈರವಿಯಿಂದ ಮುಕ್ತಾಯ.

6. ತಾಳ ಹಿಡಿಯುವುದು

ಸಂಗೀತ ಕಲಿಯದವರೂ ಕಛೇರಿಯೊಳಗೆ ಇಳಿಯಲು ಇರುವ ಸುಲಭ ದಾರಿ ತಾಳ. ಹೆಚ್ಚು ಬಳಕೆಯ ಆದಿತಾಳಕ್ಕೆ ಎಂಟು ಎಣಿಕೆ. ಬಲಗೈಯಿಂದ ತೊಡೆಯ ಮೇಲೆ ಒಂದು ಪೆಟ್ಟು, ಬಳಿಕ ಕಿರುಬೆರಳು, ಉಂಗುರಬೆರಳು, ನಡುಬೆರಳುಗಳ ಮೂರು ಎಣಿಕೆ, ಇಲ್ಲಿಗೆ ನಾಲ್ಕು. ಮತ್ತೆ ಒಂದು ಪೆಟ್ಟು, ಅಂಗೈ ಮೇಲೆ ಮಾಡಿ ಒಂದು ಬೀಸು. ಇನ್ನೊಂದು ಪೆಟ್ಟು, ಇನ್ನೊಂದು ಬೀಸು. ಒಟ್ಟು ಎಂಟು. ಹಿಂದೂಸ್ತಾನಿಯ ತೀನ್‌ತಾಲಕ್ಕೆ ಹದಿನಾರು ಮಾತ್ರೆ: 1, 5, 13ರಲ್ಲಿ ಚಪ್ಪಾಳೆ, 9ರಲ್ಲಿ ಖಾಲಿ, ಅಂದರೆ ಬೀಸು. ಗಾಯಕರ ಕೈಯನ್ನೇ ನೋಡುತ್ತ ಸದ್ದಿಲ್ಲದೆ ಅನುಸರಿಸಿದರೆ, ಸ್ವರಗಳು ಎಲ್ಲೆಲ್ಲೋ ಸುತ್ತಿ ಮೊದಲ ಪೆಟ್ಟಿಗೆ ಬಂದು ಸೇರುವ ಸೊಗಸು ತಾನಾಗಿ ತಿಳಿಯುತ್ತದೆ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಟ್ಟಿದ್ದರೆ ಅವರು ಬೇಸರಪಡದೆ ಕೂರುತ್ತಾರೆ.

7. ಸಭೆಯ ನಡವಳಿಕೆ

ಮೊಬೈಲ್ ಸದ್ದು ಆರಿಸಿರಬೇಕು. ದೀಪಗಳ ಫೋಟೊ, ಸೆಲ್ಫಿಗಳನ್ನು ಕಛೇರಿಗೆ ಮೊದಲೇ ಮುಗಿಸಿಕೊಳ್ಳಬೇಕು; ಹಾಡುವಾಗ ಫೋನ್ ಎತ್ತಿ ಹಿಡಿದರೆ ಹಿಂದಿನವರಿಗೆ ಅದರ ಬೆಳಕೇ ಕಾಣುತ್ತದೆ. ಬರುವುದು, ಏಳುವುದು ಒಂದು ಕೃತಿ ಮುಗಿದು ಇನ್ನೊಂದು ಆರಂಭವಾಗುವ ನಡುವೆ. ತನಿ ಆವರ್ತನದ ವೇಳೆ ಎದ್ದು ಹೋಗುವ ರೂಢಿ ಬಹಳ ಕಡೆ ಇದೆ. ಮೃದಂಗ, ಘಟದವರ ವಿದ್ವತ್ತು ಹೊರಬರುವುದೇ ಆಗ; ಆ ಹೊತ್ತು ಕುಳಿತಿರುವುದು ಅವರಿಗೆ ಸಲ್ಲಬೇಕಾದ ಗೌರವ. ಆಲಾಪನೆ ಮುಗಿದಾಗ, ಪಿಟೀಲಿನ ಉತ್ತರ ಮುಗಿದಾಗ, ತನಿಯ ಕೊನೆಯಲ್ಲಿ ಚಪ್ಪಾಳೆ ಸಲ್ಲುತ್ತದೆ. ಸೊಗಸಾದ ಸಂಗತಿ ಬಂದಾಗ ಮೆಲುದನಿಯಲ್ಲಿ 'ಭೇಷ್' ಎನ್ನುವುದು ಹಳೆಯ ಪದ್ಧತಿ. ರಾಗದ ಹೆಸರು ಗೊತ್ತಾಗದಿದ್ದರೆ ಪಕ್ಕದವರನ್ನು ಕೃತಿ ಮುಗಿದ ಮೇಲೆ ಕೇಳಬಹುದು. ಮೈಸೂರಿನ ರಸಿಕರು ಸಂತೋಷದಿಂದ ಹೇಳುತ್ತಾರೆ.

8. ಮರಳುವುದು

ಕಾರ್ಯಕ್ರಮ ಮುಗಿದಾಗ ಒಮ್ಮೆಗೇ ಎಲ್ಲರೂ ದ್ವಾರದತ್ತ ನುಗ್ಗುತ್ತಾರೆ. ಕೆಲವು ನಿಮಿಷ ಕುಳಿತಿದ್ದು ನಂತರ ಹೊರಡುವುದು ಸುರಕ್ಷಿತ. ಗುಂಪಾಗಿ ಹೋದವರು ಒಂದು ದ್ವಾರವನ್ನು ಸೇರುವ ಜಾಗವೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಕ್ಕಳ ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದ ಚೀಟಿ ಇರಲಿ. ಊರಿಗೆ ಮರಳುವ ರೈಲು, ಬಸ್ಸನ್ನು ಮರುದಿನಕ್ಕೇ ಕಾಯ್ದಿರಿಸಿದ್ದರೆ ಗಡಿಯಾರ ನೋಡುತ್ತ ಕಛೇರಿ ಕೇಳುವ ಅಗತ್ಯ ಬೀಳುವುದಿಲ್ಲ.

ಅರಮನೆಯ ದೀಪಗಳನ್ನು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ವರ್ಷವಿಡೀ ನೋಡಬಹುದು. ಅದರ ಎದುರು ನಾಡಿನ ದೊಡ್ಡ ವಿದ್ವಾಂಸರ ಸಂಗೀತ ಉಚಿತವಾಗಿ ಸಿಗುವುದು ವರ್ಷದ ಕೆಲವೇ ಸಂಜೆಗಳಲ್ಲಿ. ಈ ಬಾರಿ ಮೈಸೂರಿಗೆ ಹೊರಡುವ ಕುಟುಂಬಗಳು, ವಿಶೇಷವಾಗಿ ಸಂಗೀತ ಕಲಿಯುತ್ತಿರುವ ಮಕ್ಕಳಿರುವವರು, ಒಂದು ಸಂಜೆಯನ್ನು ಕಛೇರಿಗೆಂದೇ ಎತ್ತಿಟ್ಟು, ಮಂಗಳ ಹಾಡುವವರೆಗೆ ಕುಳಿತು ಕೇಳಿ ಬರಲಿ.