ಪೊಟ್ಟಣದ ಹಿಂದಿನ 9(3ಬಿ)

ತೊಗರಿಗೆ ನೆಟೆ ರೋಗ ಬಿತ್ತೆಂದರೆ ಹಸಿರಾಗಿದ್ದ ಸಾಲು ನಿಂತಲ್ಲೇ ಒಣಗಿಹೋಗುತ್ತದೆ. ಅದಕ್ಕೆಂದೇ ಕಲಬುರಗಿ ಸೀಮೆಯಲ್ಲಿ ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಪುಡಿ ಲೇಪಿಸಲು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಅದು ಜೀವಂತ ಶಿಲೀಂಧ್ರ. ಆದರೂ ಕಾನೂನಿನ ಲೆಕ್ಕದಲ್ಲಿ ಅದೂ ಕೀಟನಾಶಕವೇ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗದೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ‘ಇದು ಜೈವಿಕ, ನೋಂದಣಿ ಬೇಕಿಲ್ಲ’ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.

ಈ ಕಾಯ್ದೆಯ ಹಿಂದೆ ಸಾವುಗಳಿವೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ನಡೆದ ವಿಚಾರಣೆಗಳ ಫಲವೇ ಈ ಕಾನೂನು.

ನೋಂದಣಿ ಕೊಡುವುದು ಕೇಂದ್ರದ ನೋಂದಣಿ ಸಮಿತಿ, ಕಚೇರಿ ಫರೀದಾಬಾದಿನಲ್ಲಿದೆ. ಔಷಧಿ ಕೆಲಸ ಮಾಡುತ್ತದೆ, ಮನುಷ್ಯರಿಗೂ ಪ್ರಾಣಿಗಳಿಗೂ ಸುರಕ್ಷಿತ ಎಂದು ಮನವರಿಕೆಯಾದ ಮೇಲೆ 9(3) ಕಲಮಿನಡಿ ಪೂರ್ಣ ನೋಂದಣಿ ಸಿಗುತ್ತದೆ. ದೇಶಕ್ಕೆ ಮೊದಲ ಬಾರಿ ಬರುತ್ತಿರುವ ಔಷಧಿಯಾದರೆ, ವಿಚಾರಣೆ ಇನ್ನೂ ಬಾಕಿಯಿರುವಾಗಲೇ, ಷರತ್ತು ಹಾಕಿ ಎರಡು ವರ್ಷಕ್ಕೆ ತಾತ್ಕಾಲಿಕವಾಗಿ ನೋಂದಾಯಿಸಲು 9(3ಬಿ) ಅವಕಾಶ ಕೊಡುತ್ತದೆ. ಜೈವಿಕ ಕೀಟನಾಶಕಗಳು ಹೆಚ್ಚಾಗಿ ಬರುವುದು ಈ ಬಾಗಿಲಿನಿಂದಲೇ.

‘ವಿಚಾರಣೆ ಬಾಕಿಯಿರುವಾಗಲೇ’ ಎಂಬ ಮಾತನ್ನು ಗಮನಿಸಿ. ಸಮಿತಿ ಇನ್ನೂ ತನ್ನ ವಿಚಾರಣೆ ಮುಗಿಸಿಲ್ಲ ಎಂದು ಅದರ ಅರ್ಥ. ತಪ್ಪೇನಿಲ್ಲ, ಹೊಸ ಔಷಧಿ ಬೇಗ ಹೊಲ ಮುಟ್ಟಬೇಕು. ಆದರೆ ಆ ಸಂಗತಿ ಕೊಳ್ಳುವವನಿಗೂ ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಾತ್ಕಾಲಿಕ ಎಂದಮಾತ್ರಕ್ಕೆ ಪರೀಕ್ಷೆಯೇ ಇಲ್ಲವೆಂದಲ್ಲ. ಟ್ರೈಕೋಡರ್ಮಾ ತಯಾರಕರು ಅದರ ತಳಿ ಯಾವುದು, ಎಲ್ಲಿಂದ ಬಂತು ಎಂದು ತಿಳಿಸಬೇಕು. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು. ಸಾಲ್ಮೊನೆಲ್ಲಾದಂಥ ರೋಗಾಣುಗಳ ಸುಳಿವೂ ಇರಕೂಡದು. ಹೊಲದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ, ವಿಷಪರೀಕ್ಷೆಯ ವರದಿ, ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದರ ದಾಖಲೆ, ಲೇಬಲ್ಲಿನ ಕರಡು, ಇವೆಲ್ಲ ಅರ್ಜಿಯ ಜೊತೆಗಿರಬೇಕು. ಅರ್ಜಿ ತಿರಸ್ಕೃತವಾದರೆ ಕಂಪನಿ 30 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು.

ಇನ್ನು ಕೊಳ್ಳುವವರ ಮಾತು. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನ ಇರಲೇಬೇಕು. ಒಳಗಿನ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ನಿಯಮವಿದೆ. ಓದಲು ಬಾರದ ಚೀಟಿ ಕೊಟ್ಟರೆ ಪ್ರಶ್ನಿಸಿ. ಯಾವ ಬೆಳೆಗೆ, ಯಾವ ಪ್ರಮಾಣದಲ್ಲಿ ಎಂಬುದು ಅದರಲ್ಲಿರುತ್ತದೆ. ಬಿಲ್ಲು ಕೊಡುವುದು ಅಂಗಡಿಯವನ ಕರ್ತವ್ಯ. ‘ಆಮೇಲೆ ಕೊಡ್ತೀನಿ’ ಎಂದರೆ ಅಲ್ಲೇ ನಿಲ್ಲಿ.

ನೋಂದಣಿ ತಾತ್ಕಾಲಿಕವೋ ಪೂರ್ಣವೋ, ಅವಧಿ ಯಾವಾಗ ಮುಗಿಯುತ್ತದೆ ಎಂದು ತಿಳಿಯಲು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ನೋಂದಣಿ ಸಮಿತಿಗೆ ಅರ್ಜಿ ಹಾಕಬಹುದು. 30 ದಿನದಲ್ಲಿ ಉತ್ತರ ಬರಬೇಕು. ವ್ಯಾಪಾರದ ರಹಸ್ಯ ಎನ್ನಿಸುವ ಭಾಗವನ್ನು ಕೊಡದಿರಬಹುದು.

ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕೀಟನಾಶಕ ಪರಿವೀಕ್ಷಕರು ಅಂಗಡಿಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬಲ್ಲರು. ‘ನಾನೂ ಹೊಡೆದಿದ್ದೇನಲ್ಲ, ನನ್ನ ಮೇಲೆ ಕೇಸಾದೀತೆ?’ ಎಂದು ಅಳುಕುವವರುಂಟು. ಸ್ವಂತ ಸಾಗುವಳಿಯ ಜಮೀನಿನಲ್ಲಿ ಬಳಸಿದವರನ್ನು ಕಾಯ್ದೆಯ 38ನೇ ಕಲಮು ಹೊರಗಿಟ್ಟಿದೆ.

ಬೆಳೆ ಹೋಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಔಷಧಿ ಕೊಂಡವನಿಗೂ ಅದೇ ವಾದ ನೆರವಾಗುತ್ತದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬಿಲ್ಲು, ಖಾಲಿ ಪೊಟ್ಟಣ, ಉಳಿದ ಪುಡಿ, ಹೊಲದ ಫೋಟೊ ಇವನ್ನು ಜೋಪಾನವಾಗಿಟ್ಟುಕೊಳ್ಳಿ. ಬೇಕೆನಿಸಿದರೆ ಆಯೋಗವೇ ಮಾದರಿಯನ್ನು ಪರೀಕ್ಷೆಗೆ ಕಳಿಸುತ್ತದೆ.